ಊಟ, ವಸತಿ, ಜೊತೆಗೆ ಅಕ್ಷರ

ಬೀದರಿನ ಚೌಬಾರಾ ದಾಟಿ ಕೋಟೆಯ ಕಡೆಗೆ ಹೊರಟವರಿಗೆ ದಾರಿಯಲ್ಲೇ ಮಹಮೂದ್ ಗವಾನ್ ಮದರಸಾ ಎದುರಾಗುತ್ತದೆ. ಉಳಿದಿರುವ ಒಂದೇ ಮಿನಾರು, ಅದರ ಮೈಮೇಲಿನ ಮೆರುಗಿನ ಬಿಲ್ಲೆಗಳು ಪ್ರವಾಸಿಗರನ್ನು ಅಲ್ಲೇ ನಿಲ್ಲಿಸಿಬಿಡುತ್ತವೆ. ಶಾಲೆ ನಡೆಸುವವರು ಮಾತ್ರ ಒಳಗೆ ಹೋಗಿ ಕೋಣೆಗಳನ್ನು ನೋಡಬೇಕು.

ಬಹಮನಿ ರಾಜ್ಯದ ಪ್ರಧಾನಿಯಾಗಿದ್ದ, ಪರ್ಷಿಯಾದ ಗಿಲಾನಿನಿಂದ ಬಂದ ಗವಾನ್ ಇದನ್ನು ಕಟ್ಟಿಸಿದ್ದು 1472ರಲ್ಲಿ. ಸುಮಾರು 205 ಅಡಿ ಉದ್ದ, 180 ಅಡಿ ಅಗಲದ ಮೂರಂತಸ್ತಿನ ಕಟ್ಟಡ, ನಡುವೆ ತೆರೆದ ಅಂಗಳ. ಪಾಠದ ಸಭಾಂಗಣಗಳು ಮೂರೂ ಅಂತಸ್ತಿನ ಎತ್ತರಕ್ಕೆ ಏರಿ ನಿಂತಿವೆ. ಅವುಗಳ ಪಕ್ಕದಲ್ಲಿ ಗಾಳಿ ಬೆಳಕು ಆಡುವ ವಿದ್ಯಾರ್ಥಿಗಳ ಕೋಣೆಗಳು, ಮೂಲೆಗಳಲ್ಲಿ ಅಧ್ಯಾಪಕರ ವಾಸ. ಮಸೀದಿ ಮತ್ತು ಗ್ರಂಥಾಲಯ ಕೂಡ ಅದೇ ಆವರಣದಲ್ಲಿದ್ದವು. ಕಲಿಯುವವರಿಗೆ ಊಟ ವಸತಿ ಉಚಿತ. ಕಲಿಸುವವರು ದಿನವಿಡೀ ಶಿಷ್ಯರ ನಡುವೆ, ಪುಸ್ತಕಗಳ ಹತ್ತಿರ ಇರುತ್ತಿದ್ದರು. ಹೊಸ ವಿದ್ವಾಂಸರನ್ನು ಕರೆತರಲು ಗವಾನ್ ದೂರದ ನಾಡುಗಳಿಗೆ ಓಲೆ ಬರೆಯುತ್ತಿದ್ದ. ಹೆರಾತಿನ ಕವಿ ಜಾಮಿಯೊಂದಿಗೂ ಅವನಿಗೆ ಪತ್ರವ್ಯವಹಾರವಿತ್ತು.

1481ರಲ್ಲಿ ರಾಜದ್ರೋಹದ ಸುಳ್ಳು ಆರೋಪಕ್ಕೆ ಗವಾನ್ ಬಲಿಯಾದ. ಆಮೇಲೆ ಸುಲ್ತಾನ ಅವನ ಖಜಾನೆ ತೆರೆಸಿದಾಗ ಅಲ್ಲಿ ಹೇಳಿಕೊಳ್ಳುವಂಥ ಹಣವೇ ಇರಲಿಲ್ಲ ಎಂದು ಚರಿತ್ರಕಾರ ಫಿರಿಶ್ತಾ ಬರೆದಿದ್ದಾನೆ. ಸರ್ಕಾರಿ ಖರ್ಚಿಗೊಂದು, ಬಡಬಗ್ಗರಿಗೊಂದು ಎಂದು ಅವನ ಲೆಕ್ಕ ಎರಡಾಗಿತ್ತು. ಪುಸ್ತಕಗಳೆಲ್ಲ ಮದರಸಾಕ್ಕೆ ಸೇರಿದ್ದವು. ಔರಂಗಜೇಬನ ಕಾಲದಲ್ಲಿ, 17ನೇ ಶತಮಾನದ ಕೊನೆಗೆ ನಡೆದ ಸ್ಫೋಟದಲ್ಲಿ ಕಟ್ಟಡದ ಒಂದು ಭಾಗ ಕುಸಿಯಿತು. ಪಾಠ ನಿಂತುಹೋಯಿತು.

ಈ ಭಾಗದ ಶಿಕ್ಷಣದ ಮುಂದಿನ ದೊಡ್ಡ ಅಧ್ಯಾಯ ತೆರೆದುಕೊಂಡದ್ದು ಭಾಲ್ಕಿ ಮತ್ತು ಔರಾದ್ ಸೀಮೆಯಲ್ಲಿ, ನಿಜಾಮರ ಆಳ್ವಿಕೆಯಲ್ಲಿ. ಆಗ ಸರ್ಕಾರದ ವ್ಯವಹಾರವೂ ಮೇಲಿನ ಓದೂ ಉರ್ದುವಿನಲ್ಲಿ. ಖಾಸಗಿ ಶಾಲೆ ತೆರೆಯಲು ಸರ್ಕಾರದ ಪರವಾನಗಿ ಬೇಕಿತ್ತು. ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುವ ಮಗು ಶಾಲೆಗೆ ಬಂದರೆ ಮೊದಲ ದಿನವೇ ಬಾಯಿ ಕಟ್ಟಿದಂತಾಗುತ್ತಿತ್ತು.

ಕಮಲನಗರದಲ್ಲಿ ಹುಟ್ಟಿ ಭಾಲ್ಕಿ ಹಿರೇಮಠ ಸಂಸ್ಥಾನದ ಪೀಠವೇರಿದ ಡಾ. ಚನ್ನಬಸವ ಪಟ್ಟದ್ದೇವರು ಈ ಸಂಕಟ ಬಲ್ಲವರು. ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂಬ ಅವರ ಕಥೆ ಬೀದರ್ ಜಿಲ್ಲೆಯಲ್ಲಿ ಮನೆಮಾತು. ಹಿಂದೆ ಔರಾದ್ ತಾಲ್ಲೂಕಿಗೆ ಸೇರಿದ್ದ, ಈಗ ತಾನೇ ಒಂದು ತಾಲ್ಲೂಕಾಗಿರುವ ಕಮಲನಗರದಲ್ಲಿ 1930ರ ದಶಕದಲ್ಲಿ ಅವರು ಶಾಲೆಗೆ ನೆಲೆ ಹಾಕಿದರು. ಭಾಷೆಯೊಂದನ್ನೇ ಕೊಟ್ಟು ಅವರು ಸುಮ್ಮನಾಗಲಿಲ್ಲ. ಬಡವರ ಮಕ್ಕಳು ಹಸಿದು ಓದಲಾರರೆಂದು ಜೋಳಿಗೆ ಹಿಡಿದು ಊರೂರು ತಿರುಗಿದರು, ಪ್ರಸಾದ ನಿಲಯ ನಡೆಸಿದರು. ಜಾತಿ ಕೇಳದೆ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಹಳ್ಳಿಯ ಮಗುವಿಗೆ ಅಕ್ಷರಕ್ಕಿಂತ ಮೊದಲು ಸಿಕ್ಕಿದ್ದು ಆ ಪಂಕ್ತಿಯ ಧೈರ್ಯ. ನೂರು ದಾಟಿ ಬದುಕಿದ ಅವರು 1999ರಲ್ಲಿ ಲಿಂಗೈಕ್ಯರಾದರು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಕೊನೆಗೊಂಡಿತು; 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಈಗ ಶಿಕ್ಷಕರಿಗೆ ಬೇರೊಂದು ಪರೀಕ್ಷೆ ಎದುರಾಯಿತು. ಉರ್ದು, ಮರಾಠಿಗಳಲ್ಲಿ ಓದಿ ಬಂದ ತಲೆಮಾರು ಕನ್ನಡ ಶಾಲೆಗಳನ್ನು ಕಟ್ಟಬೇಕಿತ್ತು. ಕಲಿಸುವವರೇ ಮತ್ತೆ ಕಲಿಯಬೇಕಾಯಿತು.

ಚನ್ನಬಸವ ಪಟ್ಟದ್ದೇವರ ನಂತರ ಡಾ. ಬಸವಲಿಂಗ ಪಟ್ಟದ್ದೇವರ ಕಾಲದಲ್ಲಿ ಮಠ ಅನಾಥ ಮಕ್ಕಳನ್ನೂ ಸಾಕಿ ಓದಿಸುತ್ತಿದೆ. ಭಾಲ್ಕಿ ತಾಲ್ಲೂಕಿನ ಕರಡ್ಯಾಳದ ಚನ್ನಬಸವೇಶ್ವರ ಗುರುಕುಲ ವಸತಿ ಶಿಕ್ಷಣಕ್ಕೆ ಹೆಸರಾಗಿದೆ. ಬೀದರ್ ನಗರದಲ್ಲಿ ಡಾ. ಅಬ್ದುಲ್ ಖದೀರ್ 1989ರಲ್ಲಿ ಬೆರಳೆಣಿಕೆಯ ಮಕ್ಕಳೊಂದಿಗೆ ಆರಂಭಿಸಿದ ಶಾಹೀನ್ ಇಂದು ದೊಡ್ಡ ಶಿಕ್ಷಣ ಸಮೂಹ. ಅರ್ಧಕ್ಕೆ ಓದು ಬಿಟ್ಟವರು ಮತ್ತು ಕುರಾನ್ ಕಂಠಪಾಠ ಮುಗಿಸಿ ಬಂದವರು ಮತ್ತೆ ತರಗತಿಗೆ ಮರಳಲು ಅಲ್ಲಿ ‘ಅಕಾಡೆಮಿಕ್ ಐಸಿಯು’ ಎಂಬ ಪ್ರತ್ಯೇಕ ಏರ್ಪಾಡಿದೆ. ಕೆಲವೇ ಮಕ್ಕಳಿಗೆ ಒಬ್ಬ ಶಿಕ್ಷಕರು ಕೂತು, ಬಿಟ್ಟುಹೋದ ಪಾಠವನ್ನು ಮೊದಲಿನಿಂದ ಹೇಳಿಕೊಡುವುದು ಅದರ ಕ್ರಮ.

ಮಹಾರಾಷ್ಟ್ರ, ತೆಲಂಗಾಣಗಳಿಗೆ ಅಂಟಿಕೊಂಡ ಔರಾದಿನಿಂದ ಕೂಲಿಗೆಂದು ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ತಂದೆತಾಯಿಯರ ಮಕ್ಕಳಿಗೆ ಇಂಥ ಆಸರೆ ಇಂದೂ ಬೇಕು. ಅವರ ಶಿಕ್ಷಕರಿಗೂ ಬೇಕು. ಅನುದಾನವಿಲ್ಲದ ಖಾಸಗಿ ಶಾಲೆಗಳಲ್ಲಿ ತರಬೇತಿ, ಸಂಬಳ, ಬಿಡುವು ಎಲ್ಲವೂ ಬಹುಮಟ್ಟಿಗೆ ಆಡಳಿತ ಮಂಡಳಿಯ ಮರ್ಜಿಗೆ ಬಿಟ್ಟ ವಿಷಯ. ಗವಾನ್ ತನ್ನ ಕಟ್ಟಡದ ನಕ್ಷೆಯಲ್ಲೇ ಅಧ್ಯಾಪಕರಿಗೆ ಜಾಗ ಮೀಸಲಿಟ್ಟಿದ್ದ. ಹಾಗೆಯೇ ಬೀದರ್, ಭಾಲ್ಕಿ, ಔರಾದ್ ಊರುಗಳ ಶಾಲಾ ಮಂಡಳಿಗಳು ಮುಂದಿನ ವರ್ಷದ ಬಜೆಟ್ಟಿನಲ್ಲಿ ಹೊಸ ಕಟ್ಟಡಕ್ಕಿಂತ ಮೊದಲು ಮಕ್ಕಳ ಆಪ್ತಸಲಹೆಗೂ ಶಿಕ್ಷಕರ ತರಬೇತಿಗೂ ಹಣ ತೆಗೆದಿಡಬೇಕು.