ಲಂಡನ್ನಿನ ಬಸ್ಸುಗಳಲ್ಲಿ ಏಕರೂಪತೆ

ಸಾರಿಗೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಹೊಸ ಯಂತ್ರಗಳ ನಿರ್ಮಾಣಕ್ಕೆ ಹೆಚ್ಚಿನ ಪ್ರಾಶಸ್ತ್ಯ ಕೊಡುವರು. ಆದರೆ ಒಂದು ಸಂಸ್ಥೆಯ ವಾಹನಗಳೆಲ್ಲ ಒಂದೇ ಮಾದರಿಯವಾಗಿರುವುದರ ಪ್ರಯೋಜನವೂ ಅಷ್ಟೇ ವಿಚಾರಾರ್ಹವಾದುದು. ಈ ಪ್ರಯೋಜನದ ಮೂಲವೆಲ್ಲಿದೆ ಎಂಬುದನ್ನು ಲಂಡನ್ ನಗರದ ನಿದರ್ಶನದಿಂದ ಇಲ್ಲಿ ಪರಿಶೀಲಿಸುತ್ತೇವೆ.

1908ರಲ್ಲಿ ಲಂಡನ್ ಜನರಲ್ ಆಮ್ನಿಬಸ್ ಕಂಪನಿಯು ತನ್ನ ಪ್ರತಿಸ್ಪರ್ಧಿಗಳಾಗಿದ್ದ ಎರಡು ದೊಡ್ಡ ಕಂಪನಿಗಳೊಡನೆ ಒಂದುಗೂಡಿತು. ಇದರಿಂದ ಹಲವು ತಯಾರಕರ ಬಗೆಬಗೆಯ ಮೋಟಾರು ಬಸ್ಸುಗಳು ಒಂದೇ ಒಡೆತನಕ್ಕೆ ಬಂದವು. ಒಂದರ ಬಿಡಿಭಾಗ ಇನ್ನೊಂದಕ್ಕೆ ಹೊಂದದು. ಪ್ರತಿಯೊಂದು ಬಗೆಗೂ ಬೇರೆ ದಾಸ್ತಾನು, ಬೇರೆ ಪರಿಣತಿ ಬೇಕು. ಮುಖ್ಯ ಎಂಜಿನಿಯರಾಗಿದ್ದ ಫ್ರಾಂಕ್ ಸರ್ಲ್ ಅವರು ಈ ಬಸ್ಸುಗಳ ಗುಣದೋಷಗಳನ್ನು ಅನುಭವದಿಂದ ಅರಿತು, ಕಂಪನಿಯ ವಾಲ್ತಮ್‌ಸ್ಟೋ ಕಾರ್ಖಾನೆಯಲ್ಲಿಯೇ ಹೊಸ ಬಸ್ಸನ್ನು ನಿರ್ಮಿಸಿದರು. 1910ರಲ್ಲಿ ಸಂಚಾರಕ್ಕೆ ಬಂದ, 34 ಆಸನಗಳ ಆ 'ಬಿ' ಮಾದರಿಯು 1913ರ ವೇಳೆಗೆ ಸುಮಾರು 2,500ರಷ್ಟಾಯಿತು. ಅಷ್ಟರೊಳಗೆ, 1911ರಲ್ಲಿಯೇ, ಕಂಪನಿಯು ತನ್ನ ಕುದುರೆ ಬಸ್ಸುಗಳನ್ನು ನಿಲ್ಲಿಸಿಬಿಟ್ಟಿತ್ತು.

ಏಕರೂಪತೆಯ ಪೂರ್ಣ ಫಲವು ದೊರೆತುದು ದುರಸ್ತಿಶಾಲೆಯಲ್ಲಿ. 1921ರಲ್ಲಿ ಚಿಸ್ವಿಕ್‌ನಲ್ಲಿಯೂ 1956ರಲ್ಲಿ ಆಲ್ಡೆನ್‌ಹ್ಯಾಮ್‌ನಲ್ಲಿಯೂ ತೆರೆದ ಕಾರ್ಖಾನೆಗಳಲ್ಲಿ ಬಸ್ಸಿನ ಮೇಲ್ಕಟ್ಟನ್ನು ಚಾಸಿಯಿಂದ ಬೇರ್ಪಡಿಸಿ, ಎರಡನ್ನೂ ಪ್ರತ್ಯೇಕವಾಗಿ ಸರಿಪಡಿಸುತ್ತಿದ್ದರು. 1939ರಿಂದ 1954ರವರೆಗೆ ನಿರ್ಮಾಣಗೊಂಡ 'ಆರ್‌ಟಿ' ವರ್ಗದ ಸುಮಾರು 7,000 ಬಸ್ಸುಗಳಿಗೆ ಈ ಕ್ರಮವು ಬಹುವಾಗಿ ಒಪ್ಪಿತು. ದುರಸ್ತಿಗೆಂದು ಒಳಹೊಕ್ಕ ಬಸ್ಸಿನ ಸಂಖ್ಯೆಯನ್ನು ಆಗತಾನೆ ಸಿದ್ಧವಾದ ಇನ್ನೊಂದಕ್ಕೆ ಕೊಟ್ಟು, ಅದನ್ನು ಕೂಡಲೇ ಸಂಚಾರಕ್ಕೆ ಕಳುಹಿಸುತ್ತಿದ್ದರು. ದಾಖಲೆಯಲ್ಲಿ ಬಸ್ಸು ಅದೇ. ವಸ್ತುತಃ ಅದು ಬೇರೆ. ಸಂಖ್ಯೆಯನ್ನು ನೋಡಿ ವಾಹನದ ಆಯುಸ್ಸನ್ನು ನಿರ್ಣಯಿಸುವ ಸಂಶೋಧಕರು ಇಲ್ಲಿ ಎಚ್ಚರ ವಹಿಸಬೇಕು.

ಆದರೆ ಏಕರೂಪತೆಯು ತಾನಾಗಿಯೇ ಫಲ ಕೊಡುವುದೆಂದು ಭಾವಿಸಲಾಗದು. 1971ರಿಂದ ಲಂಡನ್ನಿನಲ್ಲಿ ಓಡಿದ 'ಡಿಎಂಎಸ್' ಬಸ್ಸುಗಳೂ ಎರಡು ಸಾವಿರಕ್ಕೆ ಮೀರಿದ್ದವು. ಆದರೆ ಅವುಗಳ ಮೂಲ ವಿನ್ಯಾಸವು ಹೊರಗಿನ ತಯಾರಕರದು. ಮೇಲ್ಕಟ್ಟನ್ನು ಕಳಚಿ ಕೂಡಿಸುವ ಆಲ್ಡೆನ್‌ಹ್ಯಾಮ್ ಪದ್ಧತಿಗೆ ಅವು ಸುಲಭವಾಗಿ ಒಗ್ಗಲಿಲ್ಲ. ಕೆಲವೇ ವರ್ಷಗಳಲ್ಲಿ ಅವನ್ನು ಹಿಂತೆಗೆಯಲು ಆರಂಭಿಸಿದರು. ಆ ಕಾರ್ಖಾನೆಯೂ 1986ರಲ್ಲಿ ಮುಚ್ಚಿತು.

ಒಂದೇ ಬಗೆಯ ಬಸ್ಸುಗಳನ್ನು ಕೊಳ್ಳುವುದು ಒಂದು, ಬಸ್ಸನ್ನೂ ದುರಸ್ತಿಶಾಲೆಯನ್ನೂ ಪರಸ್ಪರ ಹೊಂದುವಂತೆ ರೂಪಿಸುವುದು ಮತ್ತೊಂದು. ಲಂಡನ್ನಿಗೆ ಲಾಭವಾದುದು ಎರಡನೆಯದರಿಂದ ಎಂಬುದೇ ನಮ್ಮ ಅಭಿಪ್ರಾಯ.