ವ್ಯಾಸವೊಂದು, ಲೆಕ್ಕ ಎರಡು

ಮೈಸೂರಿನ ಉದಯಗಿರಿಯಲ್ಲಾಗಲಿ, ಬೇರಾವ ಬಡಾವಣೆಯಲ್ಲಾಗಲಿ, ಬಳೆ ಅಂಗಡಿಗೆ ಹೋಗಿ ‘ಎರಡು ಆರು’ ಎಂದರೆ ಸಾಕು, ಅಂಗಡಿಯವರು ಕೈಗೊಪ್ಪುವ ಬಳೆ ತೆಗೆದುಕೊಡುತ್ತಾರೆ. ಈ ‘ಎರಡು ಆರು’ ಬಳೆಯ ಒಳವ್ಯಾಸ. ಎರಡು ಇಂಚು, ಅದರ ಮೇಲೆ ಇಂಚಿನ ಹದಿನಾರು ಪಾಲಿನಲ್ಲಿ ಆರು ಪಾಲು. ಬಳೆ ಕೊಳ್ಳುವವರಿಗೆ ವ್ಯಾಸವೊಂದೇ ಸಾಕು. ಆದರೆ ಡ್ರಮ್ಮಿನ ಸುತ್ತ ಕಬ್ಬಿಣದ ಪಟ್ಟಿ ಬಿಗಿಯುವವರಿಗೆ ವ್ಯಾಸದಿಂದ ಸುತ್ತಳತೆ ತಿಳಿಯಬೇಕು. ವ್ಯಾಸದ ಎಷ್ಟು ಪಟ್ಟು ಸುತ್ತಳತೆ? ಈ ಪ್ರಶ್ನೆಯನ್ನು ನಮ್ಮ ನಾಡು ಸಾವಿರ ವರ್ಷಗಳಿಗೂ ಹಿಂದೆಯೇ ಎದುರಿಸಿತ್ತು.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ಆಳುತ್ತಿದ್ದ 9ನೆಯ ಶತಮಾನದಲ್ಲಿ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. ಅಡುಗೆ, ವೈದ್ಯ, ವಾಸ್ತು ಎಲ್ಲಕ್ಕೂ ಗಣಿತ ಬೇಕೆಂದು ಸಾರಿದ ಆಚಾರ್ಯರು ವೃತ್ತಕ್ಕೆ ಎರಡು ಲೆಕ್ಕ ಕೊಟ್ಟರು. ವ್ಯಾವಹಾರಿಕವಾಗಿ ಪರಿಧಿ ವ್ಯಾಸದ ಮೂರು ಪಟ್ಟು. ಸೂಕ್ಷ್ಮವಾಗಿ ಹತ್ತರ ವರ್ಗಮೂಲದಷ್ಟು ಪಟ್ಟು, ಎಂದರೆ ಸುಮಾರು 3.162.

ಎರಡು ಅಡಿ ವ್ಯಾಸದ ಡ್ರಮ್ಮನ್ನೇ ತೆಗೆದುಕೊಳ್ಳಿ. ಮೂರು ಪಟ್ಟೆಂದು 72 ಇಂಚು ಪಟ್ಟಿ ಕತ್ತರಿಸಿದರೆ ತುದಿಗಳು ಕೂಡುವುದಿಲ್ಲ. ಸುಮಾರು ಮೂರೂವರೆ ಇಂಚು ಕೊರತೆ. ಸೂಕ್ಷ್ಮ ಲೆಕ್ಕದಲ್ಲಿ ಅರ್ಧ ಇಂಚು ಹೆಚ್ಚಾಗುತ್ತದೆ. ಹೆಚ್ಚಾದುದನ್ನು ಕತ್ತರಿಸಬಹುದು, ಕಡಿಮೆಯಾದ ಪಟ್ಟಿ ದಂಡ. ಹಾಗೆಂದು ಮೂರು ಪಟ್ಟಿನ ಲೆಕ್ಕವನ್ನು ಹಳಿಯಬೇಕಿಲ್ಲ. ಎಷ್ಟು ಹಗ್ಗ ಬೇಕಾದೀತೆಂದು ನಿಂತಲ್ಲೇ ಅಂದಾಜು ಮಾಡಲು ಅದೇ ಸುಲಭ. ಒಂದಿಷ್ಟು ಹೆಚ್ಚಿಗೆ ಹಿಡಿದರಾಯಿತು.

ಇದಕ್ಕಿಂತ ನಿಖರವಾದ ಬೆಲೆ ಆಗಲೇ ತಿಳಿದಿತ್ತು. ವ್ಯಾಸ 20,000 ಆದರೆ ಪರಿಧಿ 62,832 ಎಂದು ಆರ್ಯಭಟ ಕ್ರಿ.ಶ. 499ರಲ್ಲಿಯೇ ಹೇಳಿದ್ದ. ಅದು 3.1416. ಆದರೆ ಅಷ್ಟು ದೊಡ್ಡ ಸಂಖ್ಯೆಗಳನ್ನು ಕೆಲಸದ ನಡುವೆ ಗುಣಿಸುವವರು ಯಾರು? 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯರು ಸೂಕ್ಷ್ಮ ಬೆಲೆಯ ಜೊತೆಗೆ 22ರಿಂದ ಗುಣಿಸಿ 7ರಿಂದ ಭಾಗಿಸುವ ವ್ಯವಹಾರಯೋಗ್ಯ ಕ್ರಮವನ್ನೂ ಕೊಟ್ಟರು. ನಮ್ಮ ಡ್ರಮ್ಮಿಗೆ ಇದರಿಂದಾಗುವ ತಪ್ಪು ಒಂದು ಮಿಲಿಮೀಟರಿಗೂ ಕಡಿಮೆ. ಅದೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿಯೇ ರಚಿಸಿ ಲೆಕ್ಕವನ್ನು ಜನರ ಭಾಷೆಗೆ ತಂದ.

ದೇವಸ್ಥಾನದ ದುಂಡುಕಂಬದ ವ್ಯಾಸ ಬೇಕೆನ್ನಿ. ಕಂಬವನ್ನು ಕೊರೆದು ಅಳೆಯಲಾದೀತೆ? ದಾರ ಸುತ್ತಿ ಅಳೆಯಿರಿ, 7ರಿಂದ ಗುಣಿಸಿ 22ರಿಂದ ಭಾಗಿಸಿ. ದಾರ 66 ಅಂಗುಲವಾದರೆ ವ್ಯಾಸ 21 ಅಂಗುಲ.

ಮಹಾವೀರಾಚಾರ್ಯರ ಗ್ರಂಥ 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾಯಿತು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊರಬಂತು. ಅಂದಾಜಿಗೊಂದು, ಕತ್ತರಿಸುವುದಕ್ಕೊಂದು ಎಂಬ ವಿವೇಕವನ್ನು ನಮ್ಮ ಮಕ್ಕಳಿಗೂ ಕಲಿಸೋಣ. ಇಂದೇ ಮನೆಯ ಕೊಳಗಕ್ಕೆ ದಾರ ಸುತ್ತಿಸಿ ನೋಡಿ.