ರಾಗಿಕಲ್ಲು ಮೂಲೆ ಸೇರಿದ ಕತೆ: ನಮ್ಮ ಅಡುಗೆಮನೆಗೆ ಮಿಕ್ಸಿ ಬಂದದ್ದು ಹೇಗೆ?

ನಿಮ್ಮೂರಿಗೆ ಕರೆಂಟ್ ಬಂದ ವರ್ಷ ಯಾವುದು ಅಂತ ಅರಳಿಕಟ್ಟೆಯಲ್ಲಿ ಕೂತ ಯಾರನ್ನಾದರೂ ಕೇಳಿ, ಹೇಳುತ್ತಾರೆ. ಮೊದಲ ಬಸ್ಸು ಬಂದದ್ದು, ಮೊದಲ ಬೋರ್‌ವೆಲ್ ಕೊರೆಸಿದ್ದು, ಪಂಚಾಯ್ತಿಗೆ ಟಿ.ವಿ. ತಂದದ್ದು, ಎಲ್ಲಕ್ಕೂ ಲೆಕ್ಕ ಇರುತ್ತದೆ. ಊರಿನ ಮೊದಲ ಮಿಕ್ಸಿ ಯಾರ ಮನೆಗೆ ಬಂತು ಅಂತ ಕೇಳಿ ನೋಡಿ. ಕಟ್ಟೆ ಮೇಲಿನವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದೇ ಪ್ರಶ್ನೆಯನ್ನು ನಲ್ಲಿ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರನ್ನು ಕೇಳಿದರೆ ಮನೆ, ವರ್ಷ, ಮಿಕ್ಸಿಯ ಬಣ್ಣ ಸಮೇತ ಉತ್ತರ ಸಿಗುತ್ತದೆ. ನಾವು ಶಿರಾ ಸೀಮೆಯ ಮೂರು ಊರುಗಳಲ್ಲಿ ಕೇಳಿದೆವು, ಮೂರರಲ್ಲೂ ಹೀಗೇ ಆಯಿತು.

ಮಿಕ್ಸಿ ಬರುವ ಮೊದಲು ಮನೆಯಲ್ಲಿ ಮೂರು ಕಲ್ಲು ಇರುತ್ತಿದ್ದವು. ಹಿಟ್ಟಿಗೆ ಬೀಸುವ ಕಲ್ಲು, ನಮ್ಮ ಕಡೆ ರಾಗಿಕಲ್ಲು ಅಂತಲೇ ಹೆಸರು. ದೋಸೆ ಹಿಟ್ಟು ರುಬ್ಬೋದಕ್ಕೆ ಒರಳುಕಲ್ಲು, ಅದರ ಗುಂಡು. ಖಾರ ಅರೆಯೋದಕ್ಕೆ ಚಪ್ಪಟೆ ಕಲ್ಲು. ಕಲ್ಲು ಸವೆದು ನುಣ್ಣಗಾದರೆ ಹಿಟ್ಟು ಆಗುತ್ತಿರಲಿಲ್ಲ. ಉಳಿ ಸುತ್ತಿಗೆ ಹಿಡಿದು ಊರೂರು ತಿರುಗುವವರು ಬಂದು ಅದನ್ನು ಮತ್ತೆ ಒರಟು ಮಾಡಿಕೊಡಬೇಕಿತ್ತು. ಕೂಲಿ ಒಂದು ಮೊರ ರಾಗಿ.

ನಮ್ಮಜ್ಜಿ ಹೇಳುವುದು ಹೀಗೆ: "ಕೋಳಿ ಕೂಗೋಕ್ ಮುಂಚೆ ಏಳ್ಬೇಕಿತ್ತು ಕಣಪ್ಪ. ಇಬ್ರು ವಾರಗಿತ್ತೀರು ಎದುರಾ ಬದುರಾ ಕೂತು ಬೀಸಿದ್ರೂ ಬೆಳ್ಳಗಾಗೋ ಹೊತ್ಗೆ ಅವತ್ತಿನ ಮುದ್ದೆಗಾಗೋಷ್ಟು ಹಿಟ್ಟು. ನಾಳೆ ಮತ್ತೆ ಅದೇ."

ಇಷ್ಟು ಹೊತ್ತು ಸುಮ್ಮನೆ ಕೂತು ಬೀಸಲು ಆಗುತ್ತದೆಯೇ? ಅದಕ್ಕೇ ಹಾಡು. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ ಮತ್ತು ಅವರ ಗೆಳೆಯರು ಇಂಥ ಹೆಂಗಸರ ಹಾಡುಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಅಂತ ಪುಸ್ತಕ ತಂದರು. ಜನಪದ ಸಾಹಿತ್ಯದ ಪಾಠದಲ್ಲಿ ನಾವು ಇದನ್ನೆಲ್ಲ ಬಹಳ ಚೆಂದವಾಗಿ ಓದಿ ಪರೀಕ್ಷೆ ಬರೆದಿದ್ದೇವೆ. ಆ ಹಾಡುಗಳ ಹಿಂದೆ ಇದ್ದ ಭುಜದ ನೋವು ಮಾತ್ರ ಪ್ರಶ್ನೆಪತ್ರಿಕೆಯಲ್ಲಿ ಬಂದ ನೆನಪಿಲ್ಲ.

ಮೂರು ಕಲ್ಲುಗಳಲ್ಲಿ ಮೊದಲು ಮೂಲೆ ಸೇರಿದ್ದು ರಾಗಿಕಲ್ಲು. ಅದನ್ನು ಕದಲಿಸಿದ್ದು ಮಿಕ್ಸಿ ಅಲ್ಲ, ಹಿಟ್ಟಿನ ಗಿರಣಿ. ಕರೆಂಟ್ ಇಲ್ಲದ ಕಾಲದಲ್ಲೇ ಹೋಬಳಿ ಊರುಗಳಲ್ಲಿ ಡೀಸೆಲ್ ಎಂಜಿನ್ನಿನ ಗಿರಣಿ ತುಕ್‌ತುಕ್ ಅನ್ನುತ್ತಿತ್ತು. ಹೆಂಗಸರು ತಲೆ ಮೇಲೆ ರಾಗಿ ಹೊತ್ತು ಎರಡು ಮೂರು ಮೈಲಿ ನಡೆದು ಹೋಗಿ ಬರುತ್ತಿದ್ದರು. ದೂರವಾದರೂ ಸರಿ, ಒಂದು ದಿನ ನಡೆದರೆ ಎಂಟು ದಿನ ಬೀಸುವಂತಿಲ್ಲವಲ್ಲ. ಆಮೇಲೆ ಕರೆಂಟ್ ಗಿರಣಿ ಊರೊಳಗೇ ಬಂತು. ಅದಕ್ಕೆ ಮೂರು ಫೇಸ್ ಬೇಕು. ಪಂಪ್‌ಸೆಟ್ಟಿಗೆ ಕರೆಂಟ್ ಬಿಟ್ಟ ಹೊತ್ತಿಗೇ ಗಿರಣಿ ಮುಂದೆ ಸಾಲು. ಈಗ ನಲವತ್ತು ದಾಟಿದವರಿಗೆ "ತ್ರೀ ಫೇಸ್ ಬಂತು" ಅನ್ನುವ ಕೂಗಿನ ಬೆಲೆ ಗೊತ್ತು.

ಹಾಗೆ ನೋಡಿದರೆ ಕರೆಂಟಿನ ವಿಷಯದಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದದ್ದಲ್ಲ. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ 1902ರಲ್ಲೇ ವಿದ್ಯುತ್ ತೆಗೆದರು. ಆ ಕರೆಂಟು ಸುಮಾರು 147 ಕಿಲೋಮೀಟರ್ ತಂತಿ ಮೇಲೆ ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿಗೆ ಬೀದಿ ದೀಪ ಬಂತು. ಗಣಿಯಲ್ಲಿ ಯಂತ್ರಗಳು ತಿರುಗುತ್ತಿದ್ದ ಆ ದಿನ, ತಂತಿ ಹಾದುಹೋದ ದಾರಿಯ ಹಳ್ಳಿಗಳಲ್ಲಿ ಹೆಂಗಸರು ಕತ್ತಲಲ್ಲೇ ರಾಗಿ ಬೀಸುತ್ತಿದ್ದರು. ಮುಂದೆ ಎಷ್ಟೋ ದಶಕ ಹಾಗೇ ಬೀಸಿದರು. 1970ರ ದಶಕದ ಕೊನೆಗೆ ಬಂದ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಕೊಟ್ಟದ್ದು ಒಂದೇ ಒಂದು 40 ವ್ಯಾಟ್ ಬಲ್ಬು. ದೊಡ್ಡ ಉಪಕಾರವೇ, ಇಲ್ಲ ಅನ್ನುವುದಿಲ್ಲ. ಆದರೆ ಮಿಕ್ಸಿಗೆ ಬೇಕಾದದ್ದು 500 ವ್ಯಾಟ್ ಆಸುಪಾಸು, ಮೇಲೆ ಒಂದು ಪ್ಲಗ್ ಪಾಯಿಂಟು.

ಇನ್ನು ಆ ಮಿಕ್ಸಿಯ ಕತೆ. ಅದು ಹುಟ್ಟಿದ್ದು ಖಾರ ಅರೆಯಲಿಕ್ಕಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ರೇಸಿನ್ ಅಂತ ಒಂದು ಪಟ್ಟಣ. ನಮ್ಮಲ್ಲಿ ಕಾಯಿಲೆ ಬಿದ್ದವರಿಗೆ ತೆಗೆದುಕೊಂಡು ಹೋಗುವ ಹಾರ್ಲಿಕ್ಸ್ ಇದೆಯಲ್ಲ, ಆ ಕಂಪನಿ ಇದ್ದ ಊರು ಅದು. ಅಲ್ಲಿನ ಸ್ಟೀಫನ್ ಪೊಪ್ಲಾವ್ಸ್ಕಿ ಅನ್ನುವವರು 1922ರಲ್ಲಿ ಪಾತ್ರೆಯ ತಳಕ್ಕೇ ತಿರುಗುವ ಬ್ಲೇಡ್ ಕೂಡಿಸಿ ಪೇಟೆಂಟಿಗೆ ಅರ್ಜಿ ಹಾಕಿದರು. ಕೆಲಸ ಏನು? ಅಂಗಡಿಯಲ್ಲಿ ಹಾಲಿಗೆ ಮಾಲ್ಟ್ ಪುಡಿ ಕದಡುವುದು. 1930ರ ದಶಕದಲ್ಲಿ ಅದೇ ಯಂತ್ರ ಹಣ್ಣಿನ ರಸಕ್ಕೆ, ಹೆಂಡದ ಅಂಗಡಿಯ ಪಾನಕಗಳಿಗೆ ಬಳಕೆಯಾಯಿತು. ಒಟ್ಟಿನಲ್ಲಿ ನೀರು ನೀರಾದ ಪದಾರ್ಥ.

ಅಂಥ ಯಂತ್ರದೊಳಗೆ ಒಂದು ಅರಿಶಿನ ಕೊಂಬು ಹಾಕಿದರೆ ಏನಾಗಬೇಡ! ಒಣಕೊಬ್ಬರಿ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ನೆನೆದ ಉದ್ದಿನಬೇಳೆ, ಇವು ಯಾವುವೂ ಅದನ್ನು ಮಾಡಿದವರ ಲೆಕ್ಕದಲ್ಲಿ ಇರಲಿಲ್ಲ.

ಮುಂಬೈಯಲ್ಲಿ ಮಾಧುರಿ ಮಾಥುರ್ ಅನ್ನುವವರ ಮನೆಯಲ್ಲಿ ಆದದ್ದೂ ಇದೇ. 1960ರ ದಶಕದ ಶುರು. ಅವರ ಹತ್ತಿರ ಜರ್ಮನಿಯ ಬ್ರೌನ್ ಕಂಪನಿಯ ಮಿಕ್ಸರ್ ಇತ್ತು, ನಮ್ಮ ಅಡುಗೆಯ ಭಾರ ತಡೆಯದೆ ಕೆಟ್ಟು ಕೂತಿತು. ಗಂಡ ಸತ್ಯಪ್ರಕಾಶ ಮಾಥುರ್ ಸೀಮೆನ್ಸ್ ಕಂಪನಿಯಲ್ಲಿ ಎಂಜಿನಿಯರ್. ಹೆಂಡತಿ ಬಿಡಲಿಲ್ಲ, ಇಲ್ಲಿನ ಅಡುಗೆ ತಡೆಯುವಂಥದ್ದು ಮಾಡಿಕೊಡಿ ಅಂತ ಪಟ್ಟು ಹಿಡಿದರು. 1963ರಲ್ಲಿ ಕಂಪನಿಯೇ ಶುರುವಾಯಿತು. ಅವರು ತಂದ ಮಿಕ್ಸಿಯ ಹೆಸರು ಸುಮೀತ್. ಸ್ಟೀಲ್ ಜಾರು, ಗಟ್ಟಿ ಮೋಟರು, ಒಣ ಪುಡಿಗೆ ಒಂದು ಬ್ಲೇಡು, ಹಸಿ ರುಬ್ಬಲು ಇನ್ನೊಂದು. ಎಷ್ಟೋ ವರ್ಷ ಮದುವೆ ಮನೆಗಳಲ್ಲಿ ಮಿಕ್ಸಿ ಅನ್ನುವ ಬದಲು "ಒಂದು ಸುಮೀತ್ ಕೊಟ್ಟರು" ಅಂತಲೇ ಮಾತಾಡುತ್ತಿದ್ದರು. ಮುಂದೆ ಆ ಹೆಸರು ಯಾರಿಗೆ ಸೇರಬೇಕು ಅಂತ ಮನೆಯವರ ನಡುವೆಯೇ ವ್ಯಾಜ್ಯ ಆಗಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು, 1994ರಲ್ಲಿ ತೀರ್ಪು ಬಂತು. ಅಷ್ಟರಲ್ಲಿ 1978ರಲ್ಲಿ ಚೆನ್ನೈನಲ್ಲಿ ಶುರುವಾಗಿದ್ದ ಪ್ರೀತಿಯಂಥ ಹೊಸ ಮಿಕ್ಸಿಗಳು ಮಾರುಕಟ್ಟೆಗೆ ಬಂದಿದ್ದವು.

ಕಾರ್ಖಾನೆ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಎಂಜಿನಿಯರ್ ಹೆಸರಿನಿಂದ ಶುರು ಮಾಡುತ್ತಾರೆ. ಈ ಕತೆ ಶುರುವಾಗುವುದು ಅಡುಗೆ ಮಾಡುವವರ ದೂರಿನಿಂದ. ನಮಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ.

ಸ್ವಲ್ಪ ಯಂತ್ರದೊಳಗೂ ನೋಡೋಣ. ಮನೆಯ ಸೀಲಿಂಗ್ ಫ್ಯಾನು ನಿಮಿಷಕ್ಕೆ 350ರ ಆಸುಪಾಸು ಸುತ್ತುತ್ತದೆ. ಮಿಕ್ಸಿ ಮೋಟರಿನ ವೇಗ ನಿಮಿಷಕ್ಕೆ 18,000 ಸುತ್ತಿನಷ್ಟು. ಇಷ್ಟು ಚಿಕ್ಕ ಮೈಯಲ್ಲಿ ಇಷ್ಟು ವೇಗ ಬರಬೇಕಾದರೆ ಕಾರ್ಬನ್ ಬ್ರಷ್ ಇರುವ ಮೋಟರೇ ಬೇಕು. ಕತ್ತಲಲ್ಲಿ ಮಿಕ್ಸಿ ಹಾಕಿದಾಗ ತಳದ ಸಂದಿನಲ್ಲಿ ನೀಲಿ ಕಿಡಿ ಕಾಣುತ್ತದಲ್ಲ, ಅದು ಆ ಬ್ರಷ್ಷಿನದು. ಬ್ರಷ್ ಸವೆಯುವ ಸಾಮಾನು, ಹೊಸದು ಹಾಕಿಸಬಹುದು. ಮೋಟರನ್ನು ತಣ್ಣಗಿಡುವ ಫ್ಯಾನು ಅದೇ ಮೋಟರಿನ ಕಂಬಿಗೇ ಸೇರಿಕೊಂಡಿರುತ್ತದೆ. ಅದಕ್ಕೇ ಹಿಟ್ಟು ಗಟ್ಟಿಯಾಗಿ ಮೋಟರು ನಿಧಾನವಾದರೆ ಗಾಳಿಯೂ ಕಡಿಮೆ, ಎಳೆಯುವ ಕರೆಂಟು ಜಾಸ್ತಿ. ಬಿಸಿ ಏರಿ ಸುಟ್ಟ ವಾಸನೆ ಬರುತ್ತದೆ. ತಳದಲ್ಲಿರುವ ಕೆಂಪು ಗುಂಡಿ ಆಗ ತಾನೇ ಕರೆಂಟ್ ಕಡಿಯುತ್ತದೆ. ಮಿಕ್ಸಿ ಸತ್ತೇಹೋಯಿತು ಅಂತ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದವರಲ್ಲಿ ನಾವೂ ಇದ್ದೇವೆ. ಅಂಗಡಿಯವನು ಗುಂಡಿ ಒತ್ತಿ, ನಕ್ಕು, ಇಪ್ಪತ್ತು ರೂಪಾಯಿ ತೆಗೆದುಕೊಂಡ.

ಜಾರು ಮೋಟರಿಗೆ ಕೂಡುವ ಕಡೆ ಇರುವ ಕಪ್ಪು ಕಪ್ಲರ್ ಕೂಡ ಬೇಗ ಹೋಗುತ್ತದೆ. ಕಳಪೆ ಮಾಲು ಅಂತ ಬೈಯುತ್ತೇವೆ. ಬ್ಲೇಡು ಸಿಕ್ಕಿಕೊಂಡಾಗ ಮೊದಲು ಅದು ಹರಿದುಹೋದರೆ ಮೋಟರು ಉಳಿಯುತ್ತದೆ. ಹೊಸದು ಕೊಳ್ಳುವವರು ಡಬ್ಬದ ಮೇಲೆ ಐಎಸ್‌ಐ ಗುರುತು, ಐಎಸ್ 4250 ಅನ್ನುವ ಸಂಖ್ಯೆ ಇದೆಯಾ ನೋಡಿಕೊಳ್ಳಿ. ಮಿಕ್ಸಿಗೆಂದೇ ಇರುವ ಗುಣಮಟ್ಟದ ಸಂಖ್ಯೆ ಅದು.

ದೋಸೆ ಹಿಟ್ಟಿನ ಒರಳಿಗೆ ಉತ್ತರ ಹುಡುಕಿದ್ದು ಮಾತ್ರ ಬೇರೆ ಊರು. ಮೋಟರು, ಪಂಪುಗಳಿಗೆ ಹೆಸರಾದ ಕೊಯಮತ್ತೂರಿನಲ್ಲಿ 1955ರಲ್ಲಿ ಪಿ. ಸಭಾಪತಿ ಅನ್ನುವವರು ಕರೆಂಟ್ ಗ್ರೈಂಡರ್ ಮಾಡಿದರು. ನಮಗೆ ಬಹಳ ಇಷ್ಟವಾದ ಸಂಗತಿ ಇಲ್ಲಿದೆ. ಮನೆಯಲ್ಲಿ ಒರಳು ನೆಲದಲ್ಲಿ ಅಲ್ಲಾಡದೆ ಕೂತಿರುತ್ತಿತ್ತು, ಗುಂಡನ್ನು ಕೈಯಿಂದ ತಿರುಗಿಸಬೇಕಿತ್ತು. ಗ್ರೈಂಡರಿನಲ್ಲಿ ಗುಂಡು ಇದ್ದಲ್ಲೇ ನಿಂತು ಒರಳೇ ತಿರುಗುತ್ತದೆ. ಕಲ್ಲು ಮಾತ್ರ ಬಿಡಲಿಲ್ಲ. ನಿಧಾನಕ್ಕೆ ತಿರುಗುವುದರಿಂದ ಹಿಟ್ಟು ಬಿಸಿಯಾಗುವುದಿಲ್ಲ, ಉದ್ದು ಚೆನ್ನಾಗಿ ಉಬ್ಬುತ್ತದೆ. ತಮಿಳುನಾಡಿನಲ್ಲಿ 2011ರಲ್ಲಿ ಸರ್ಕಾರವೇ ಮಿಕ್ಸಿ, ಗ್ರೈಂಡರು, ಫ್ಯಾನು ಮೂರನ್ನೂ ಪುಕ್ಕಟೆ ಹಂಚಲು ಶುರು ಮಾಡಿತು. ಬಿಟ್ಟಿ ಭಾಗ್ಯ ಅಂತ ಆಗ ಪೇಪರಿನವರು ಬಹಳ ಬರೆದರು. ಬರೆದವರಲ್ಲಿ ಎಷ್ಟು ಜನ ಉದ್ದು ರುಬ್ಬಿದ್ದರೋ!

ನಮ್ಮ ಮನೆಗೆ ಮಿಕ್ಸಿ ಬಂದದ್ದು ನಾವು ಮೂರನೇ ಕ್ಲಾಸಿನಲ್ಲಿದ್ದಾಗ, ಚಿಕ್ಕಪ್ಪನ ಮದುವೆಯಲ್ಲಿ. ಒಂದು ವರ್ಷ ಡಬ್ಬದಲ್ಲೇ ಇತ್ತು. ಸಂಜೆ ಹೊತ್ತು ವೋಲ್ಟೇಜ್ ಇಳಿದು ಬಲ್ಬು ಮಾವಿನಹಣ್ಣಿನ ಹಾಗೆ ಕಾಣುತ್ತಿತ್ತು. ಆಗ ಹಾಕಿದರೆ ಗುಂಯ್ ಅಂತ ನರಳುವುದೇ ಹೊರತು ಕೊಬ್ಬರಿ ಮುರಿಯುತ್ತಿರಲಿಲ್ಲ. ಮೋಟರು ಸುಟ್ಟರೆ ಅಂತ ಭಯ. ಜತೆಗೆ ಮನೆಯ ಗಂಡಸರ ನಾಲಿಗೆ: ಮಿಕ್ಸಿ ಚಟ್ನಿಗೆ ರುಚಿಯಿಲ್ಲ, ಕಲ್ಲಲ್ಲಿ ಅರೆದದ್ದೇ ಚಟ್ನಿ. ಮಾತು ಸುಳ್ಳಲ್ಲ, ಕಲ್ಲು ಜಜ್ಜುತ್ತದೆ, ಬ್ಲೇಡು ಕತ್ತರಿಸುತ್ತದೆ, ರುಚಿಯಲ್ಲಿ ವ್ಯತ್ಯಾಸ ಇದ್ದೇ ಇದೆ. ಆದರೆ ಹಾಗೆ ಹೇಳಿದವರು ಯಾರೂ ಎದ್ದು ಹೋಗಿ ಅರೆಯಲಿಲ್ಲ. ಮನೆಗಳ ಲೈನನ್ನು ಪಂಪ್‌ಸೆಟ್ ಲೈನಿನಿಂದ ಬೇರೆ ಮಾಡಿದ ನಿರಂತರ ಜ್ಯೋತಿ ನಮ್ಮ ಕಡೆ ಬಂದ ಮೇಲೆಯೇ ಮಿಕ್ಸಿ ನಿಜವಾಗಿ ದಿನಬಳಕೆಯ ಸಾಮಾನಾದದ್ದು. ಈಗ ಖರ್ಚಿನ ಭಯವೂ ಇಲ್ಲ. 750 ವ್ಯಾಟ್ ಮಿಕ್ಸಿಯನ್ನು ದಿನಕ್ಕೆ ಕಾಲು ಗಂಟೆ ಹಾಕಿದರೂ ತಿಂಗಳಿಗೆ ಆರು ಯುನಿಟ್ ದಾಟುವುದಿಲ್ಲ. ಗೃಹಜ್ಯೋತಿಯ 200 ಯುನಿಟ್ ಮುಂದೆ ಅದು ಯಾವ ಲೆಕ್ಕ.

ಹಾಗಾದರೆ ಉಳಿದ ಹೊತ್ತು ಎಲ್ಲಿ ಹೋಯಿತು? ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ 1983ರ ಪುಸ್ತಕವೊಂದರಲ್ಲಿ ತಮ್ಮ ದೇಶದ ಮನೆಗಳ ಕತೆ ಹೇಳಿದ್ದಾರೆ. ಯಂತ್ರ ಬಂದು ಕೆಲಸ ಹಗುರಾಯಿತು, ಆದರೆ ಅಮ್ಮಂದಿರಿಗೆ ಬಿಡುವು ಹೆಚ್ಚಲಿಲ್ಲ, ಒಂದು ಕೆಲಸ ಇಳಿದ ಜಾಗಕ್ಕೆ ಇನ್ನೊಂದು ಬಂತು ಎಂಬುದು ಅವರ ವಾದ. ನಮ್ಮ ದೇಶದ ಲೆಕ್ಕವೂ ಇದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಾರೆ. ಅಂದರೆ ಸುಮಾರು ಐದು ಗಂಟೆ. ಮನೆಗೆಲಸ ಮಾಡುವ ಗಂಡಸರದು 97 ನಿಮಿಷ. ಅದರಲ್ಲೂ ಮಾಡುವ ಗಂಡಸರು ಎಷ್ಟು ಜನ ಅನ್ನುವುದು ನಿಮಗೇ ಗೊತ್ತು.

ಈ ಲೇಖನಕ್ಕೆ ಕೂತಾಗ ಅಜ್ಜಿಗೆ ಅದೇ ಪ್ರಶ್ನೆ ಕೇಳಿದೆವು. ಕಲ್ಲು ಬಿಟ್ಟ ಮೇಲೆ ಬೆಳಗಿನ ಜಾವ ಮಲಗಿರುತ್ತಿದ್ದೆಯಾ ಅಂತ. ಅಜ್ಜಿ ಹಿತ್ತಲ ಕಡೆ ಕೈ ತೋರಿಸಿದರು. ಅಲ್ಲಿ ಒರಳುಕಲ್ಲಿನ ಗುಳಿಯಲ್ಲಿ ಕೋಳಿಗಳಿಗೆ ನೀರು, ಪಕ್ಕದಲ್ಲಿ ಕೊಟ್ಟಿಗೆ.

"ಹಿಟ್ಟಿನ್ ಮಿಷನ್ ಊರಿಗ್ ಬಂದ್ ವರ್ಸ ನಿಮ್ ತಾತ ಮೊದಲ್ನೇ ಸೀಮೆ ಹಸ ತಂದ್ರು ಡೈರಿಗೆ ಹಾಲು ಹಾಕೋಕೆ. ಮಿಕ್ಸಿ ಹೊರಗ್ ತೆಗೆದ್ ವರ್ಸ ಇನ್ನೊಂದ್ ತಂದ್ರು. ಆರ್ ಗಂಟೆಗೆ ಡೈರಿ ಮುಚ್ತಾರೆ. ನಾಲ್ಕಕ್ಕೇ ಏಳ್ಬೇಕಲ್ಲಪ್ಪ."